ಮಣ್ಣಿನ ಮನೆಯನ್ನು ಯಾರ ಕೈಗೆ ಕೊಡಬೇಕು?

ಹೆಬ್ಬಳ್ಳಿ ಧಾರವಾಡದ ಮೂಡಲಿಗೆ ಸುಮಾರು 12 ಕಿಲೋಮೀಟರ್ ದೂರದ ದೊಡ್ಡ ಊರು. ಮಲೆನಾಡಿನ ಸೆರಗು ಮುಗಿದು ಎರೆಭೂಮಿ ಶುರುವಾಗುವ ಸೀಮೆ. ಈ ಕಡೆಯ ಹಳೆಯ ಮನೆಗಳಿಗೆ ಎರಡು-ಮೂರು ಅಡಿ ದಪ್ಪದ ಮಣ್ಣಿನ ಗೋಡೆ, ಒಳಗೆ ಸಾಗವಾನಿ ಕಂಬ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ಈ ಚಾವಣಿಗೆ ಮಾಳಿಗೆ ಎಂದು ಹೆಸರು. ಇಂಥ ಮನೆಯನ್ನು ತಳದಿಂದ ಮಾಳಿಗೆಯವರೆಗೆ ದುರಸ್ತಿ ಮಾಡಿಸಬೇಕೆಂದಾಗ ಯಾರನ್ನು ಕರೆಯುವುದು? ಹೊಸ ಮನೆ ಕಟ್ಟುವವರು ಸುತ್ತಮುತ್ತ ಬೇಕಾದಷ್ಟು ಸಿಗುತ್ತಾರೆ. ಹಳೆಯ ಮನೆಯನ್ನು ಬಿಚ್ಚಿ ಮತ್ತೆ ಹೊಂದಿಸಬಲ್ಲವರು ಕಡಿಮೆ. ಅವರನ್ನು ಗುರುತಿಸಬೇಕಾದರೆ ಅವರ ಕೆಲಸ ಏನೆಂಬುದು ಮೊದಲು ಗೊತ್ತಿರಬೇಕು.

ಭಾರದ ಲೆಕ್ಕದಿಂದ ಶುರುಮಾಡೋಣ. ಒಂದು ಘನ ಅಡಿ ಗಟ್ಟಿಸಿದ ಮಣ್ಣು 45 ಕಿಲೋದಷ್ಟು ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆಯ ಮೇಲೆ ಅಡಿ ದಪ್ಪ ಮಣ್ಣಿದ್ದರೆ ಅದು ಐದು ಟನ್ನಿಗೂ ಹೆಚ್ಚು. ಮಳೆನೀರು ಕುಡಿದರೆ ಇನ್ನೂ ಹೆಚ್ಚು. ಇಷ್ಟು ಭಾರವನ್ನು ಜಂತಿ ತೊಲೆಗೆ, ತೊಲೆ ಕಂಬಕ್ಕೆ, ಕಂಬ ತನ್ನ ಕೆಳಗಿನ ಕಲ್ಲಿಗೆ ದಾಟಿಸುತ್ತವೆ. ಗೋಡೆಯ ಪಕ್ಕದಲ್ಲೇ ನಿಂತ ಕಂಬ ಸುಮ್ಮನೆ ನಿಂತಂತೆ ಕಾಣುತ್ತದೆ. ಪಡಸಾಲೆಯನ್ನು ದೊಡ್ಡ ಹಾಲ್ ಮಾಡಬೇಕೆಂದು ಹೊರಟ ಮನೆಯವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಅನುಭವಿ ಗೌಂಡಿ ಅಲ್ಲಿ ತಡೆಯುತ್ತಾನೆ: “ಈ ಕಂಬ ತಗದ್ರ ಮ್ಯಾಲಿನ ಭಾರ ಯಾರು ಹೊರಬೇಕ್ರಿ ಯಜಮಾನ್ರ?” ಹೀಗೆ ಕೇಳುವವನನ್ನು ಬಿಡಬಾರದು.

ಗೌಂಡಿ ಎಂದರೆ ಗೋಡೆ, ಗಿಲಾಯಿ, ಕಲ್ಲಿನ ಕೆಲಸ ಬಲ್ಲವನು. ಹಳೆಯ ಮನೆ ನೋಡಲು ಬಂದ ಒಳ್ಳೆಯ ಗೌಂಡಿ ಟೇಪು ಬಿಚ್ಚುವ ಮುಂಚೆ ಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕುತ್ತಾನೆ. ಅವನು ಹುಡುಕುವುದು ನೀರಿನ ದಾರಿಯನ್ನು. ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ, ಬಚ್ಚಲದ ನೀರು ಎತ್ತ ಹೋಗುತ್ತದೆ, ಓಣಿಯ ಕಾಂಕ್ರೀಟ್ ರಸ್ತೆ ಏರಿ ಮನೆಯ ಬುಡ ತಗ್ಗಾಗಿದೆಯೇ? ಎರೆಮಣ್ಣು ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಜೊತೆ ತಳಪಾಯವೂ ಏಳುಬೀಳು ಕಾಣುತ್ತದೆ. ಗೋಡೆಯಲ್ಲಿ ಬಿರುಕು ಕಂಡರೆ ಅದನ್ನು ಸಿಮೆಂಟಿನಿಂದ ಮುಚ್ಚುವ ಮಾತನ್ನು ಅವನು ಅವಸರದಿಂದ ಆಡುವುದಿಲ್ಲ. ಬಿರುಕಿಗೆ ಅಡ್ಡಲಾಗಿ ಸುಣ್ಣದ ಅಥವಾ ಜಿಪ್ಸಂನ ಒಂದು ತೆಳು ಪಟ್ಟಿ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯುತ್ತಾನೆ. ಕೆಲವು ವಾರಗಳಲ್ಲಿ ಪಟ್ಟಿ ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಇಷ್ಟು ಸರಳ ಉಪಾಯ, ಆದರೆ ಕಾಯುವ ತಾಳ್ಮೆ ಇದ್ದವನಿಗೆ ಮಾತ್ರ ಉಪಯೋಗ.

ಕಟ್ಟಿಗೆಯನ್ನು ನೋಡುವವನು ಬಡಿಗೇರ. ಅವನ ಪರೀಕ್ಷೆ ಕಿವಿಯಿಂದ. ತೊಲೆಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಾನೆ: ಗಟ್ಟಿ ಸಾಗವಾನಿ ಖಣಿಲ್ ಎನ್ನುತ್ತದೆ, ಗೊರಲೆ ಹಿಡಿದದ್ದು ಬೊದ್ದೆನ್ನುತ್ತದೆ. ತೊಲೆಯ ನಡುಭಾಗಕ್ಕಿಂತ ಗೋಡೆಯೊಳಗೆ ಹೊಕ್ಕ ತುದಿಯ ಮೇಲೆಯೇ ಅವನ ಅನುಮಾನ ಹೆಚ್ಚು. ಗಾಳಿ ಆಡದೆ, ತೇವ ಕೂತು ಕಟ್ಟಿಗೆ ಕೊಳೆಯುವುದು ಅಲ್ಲಿ. ಮೊನಚಾದ ಉಳಿಯನ್ನು ಅಲ್ಲಿ ಒತ್ತಿ ಎಷ್ಟು ಇಳಿಯುತ್ತದೆಂದು ನೋಡುತ್ತಾನೆ. ಕೊಳೆತ ತುದಿಯಷ್ಟನ್ನೇ ಕತ್ತರಿಸಿ ಹೊಸ ತುಂಡು ಜೋಡಿಸಬಹುದೋ, ಇಡೀ ತೊಲೆಯನ್ನೇ ಬದಲಿಸಬೇಕೋ ಎಂಬ ತೀರ್ಮಾನದಲ್ಲಿ ಹಣದ ದೊಡ್ಡ ಪಾಲು ಅಡಗಿದೆ. ತೊಲೆ ಬದಲಿಸುವಾಗ ಮಾಳಿಗೆಯ ಮಣ್ಣನ್ನು ಮೊದಲು ಇಳಿಸಿ, ಅಕ್ಕಪಕ್ಕದ ಜಂತಿಗಳಿಗೆ ಆನಿಕೆಯ ಕಂಬ ಕೊಟ್ಟು, ಆಮೇಲೆ ಹಳೆಯದನ್ನು ಸಡಿಲಿಸಬೇಕು. ಈ ಕ್ರಮವನ್ನು ಕೇಳದೆಯೇ ವಿವರಿಸುವ ಬಡಿಗೇರನನ್ನು ಧೈರ್ಯವಾಗಿ ನಂಬಬಹುದು.

ಇನ್ನು ಕೆಲವು ಪ್ರಶ್ನೆಗಳನ್ನು ಮನೆಯವರೇ ಕೇಳಿ ನೋಡಬೇಕು. “ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿಬಿಡೋಣವೇ?” ತಿಳಿದವನು ಬೇಡವೆನ್ನುತ್ತಾನೆ. ಮಣ್ಣು ನೆಲದ ತೇವವನ್ನು ಹೀರಿ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟು ಆ ದಾರಿ ಮುಚ್ಚಿ ತೇವವನ್ನು ಒಳಗೇ ಕೂಡಿಹಾಕುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾಯಿ ಹಾಳೆಹಾಳೆಯಾಗಿ ಕಳಚುತ್ತದೆ, ಒಳಗಿನ ಗೋಡೆ ಮೆತ್ತಗಾಗಿರುತ್ತದೆ. ಮಣ್ಣು ಇಲ್ಲವೆ ಸುಣ್ಣದ ಗಿಲಾಯಿ ಇಲ್ಲಿಗೆ ಸರಿ. “ಮಾಳಿಗೆಗೆ ಯಾವ ಮಣ್ಣು?” ಎಂದರೆ ಕರಲು ಮಣ್ಣು ಎಂಬ ಉತ್ತರ ಬರಬೇಕು. ಅದು ಕ್ಷಾರದ ಮಣ್ಣು. ಮಳೆ ಬಿದ್ದಾಗ ಮೇಲ್ಪದರ ಕದಡಿ ಸಣ್ಣ ಸಂದುಗಳನ್ನೆಲ್ಲ ತಾನೇ ಮುಚ್ಚಿಕೊಂಡು ನೀರು ಇಳಿಯಗೊಡುವುದಿಲ್ಲ. ಯಾವ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡವರ ಬುದ್ಧಿಗೆ ಕೈ ಮುಗಿಯಬೇಕು.

ಮಾಳಿಗೆ ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕುವ, ಅಥವಾ ಮೇಲೊಂದು ಮಹಡಿ ಏರಿಸುವ ಯೋಚನೆ ಇದ್ದರೆ ಗೌಂಡಿ, ಬಡಿಗೇರ ಇಬ್ಬರೂ ಸಾಲರು. ಆಗ ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು, ಗ್ರಾಮ ಪಂಚಾಯಿತಿಯ ಪರವಾನಗಿಯೂ ಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಜೀವ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ಬಿದ್ದವು. ಎಂಜಿನಿಯರಿಗೆ ಕೊಡುವ ಶುಲ್ಕ ಉಳಿಸಲು ಹೋಗುವುದು ಸರಿಯಲ್ಲವೆಂದು ನನ್ನ ಖಚಿತ ಅಭಿಪ್ರಾಯ.

ಹಣದ ಮಾತು. ಹೊಸ ಮನೆಗೆ ಚದರಡಿ ಲೆಕ್ಕದ ಗುತ್ತಿಗೆ ನಡೆಯುತ್ತದೆ. ಹಳೆಯ ಮನೆಯಲ್ಲಿ ಗೋಡೆ ಬಿಚ್ಚುವವರೆಗೆ ಒಳಗೇನಿದೆಯೆಂದು ಯಾರಿಗೂ ಗೊತ್ತಾಗದು. ಆದ್ದರಿಂದ ಅಂಗಳದಲ್ಲೇ ನಿಂತು ಇಡೀ ಮನೆಗೆ ಒಂದೇ ಮೊತ್ತ ಹೇಳುವವನು ಅಂದಾಜು ತಪ್ಪಿದಾಗ ಒಂದೋ ಕೆಲಸ ತೆಳ್ಳಗೆ ಮಾಡುತ್ತಾನೆ, ಇಲ್ಲವೇ ನಡುವೆ ಬಿಟ್ಟು ಹೋಗುತ್ತಾನೆ. ಬಿಚ್ಚುವ, ತೊಲೆ ಬದಲಿಸುವ ಕೆಲಸಕ್ಕೆ ದಿನದ ಪಗಾರ ಕೊಡುವುದು ಮೇಲು. ಅಲ್ಲಿ ಅವಸರ ಅಪಾಯ. ಫರಸಿ, ಬಚ್ಚಲು, ವೈರಿಂಗಿನಂತಹ ಅಳೆದು ನೋಡಬಹುದಾದ ಕೆಲಸಗಳಿಗೆ ಗುತ್ತಿಗೆ ಇರಲಿ. ಮುಂಗಡ ಸ್ವಲ್ಪವೇ ಕೊಟ್ಟು, ಉಳಿದದ್ದನ್ನು ಕೆಲಸ ಮುಗಿದಂತೆ ಕೊಡುತ್ತ, ಕೊನೆಯ ಒಂದು ಪಾಲನ್ನು ಮೊದಲ ಮಳೆಯವರೆಗೆ ಹಿಡಿದಿಟ್ಟುಕೊಳ್ಳುವ ಕರಾರಿಗೆ ಒಳ್ಳೆಯ ಕೆಲಸಗಾರ ಬೇಸರಪಡುವುದಿಲ್ಲ.

ಹಿಂದಿನ ಕೆಲಸ ನೋಡಲು ಹೋದಾಗ, ನಿನ್ನೆ ಬಣ್ಣ ಹೊಡೆದ ಮನೆ ಬೇಡ. ಎರಡು ಮಳೆಗಾಲ ಕಂಡ ಮನೆ ತೋರಿಸಲು ಹೇಳಬೇಕು. ಗೋಡೆಯ ಬುಡ, ಮಾಳಿಗೆಯ ಮೂಲೆ, ಬಾಗಿಲ ಚೌಕಟ್ಟು ಗೋಡೆಗೆ ಕೂಡುವ ಸಂದು, ಈ ಮೂರು ಕಡೆ ಕಣ್ಣು ಹಾಯಿಸಿದರೆ ಸಾಕು. ಮಾತಾಡಲು ಬಂದವನೇ ಕರಣೆ ಹಿಡಿಯುತ್ತಾನೋ, ಬೇರೆಯವರನ್ನು ಕಳಿಸುತ್ತಾನೋ ಎಂದು ಆ ಮನೆಯ ಹೆಂಗಸರನ್ನು ಕೇಳಬೇಕು. ದಿನವಿಡೀ ಕೆಲಸ ಕಂಡವರು ಅವರು. ಆಳುಗಳ ಹತ್ತಿರ ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಎಂಬುದನ್ನೂ ವಿಚಾರಿಸಬೇಕು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅದನ್ನು ಪಡೆಯಬಹುದು. ತನ್ನ ಆಳುಗಳಿಗೆ ಅದನ್ನು ಮಾಡಿಸಿಕೊಟ್ಟ ಮೇಸ್ತ್ರಿ ಮಾಳಿಗೆ ಬಿಚ್ಚುವಾಗಲೂ ಅವರ ತಲೆಯನ್ನು ಕಾಯುತ್ತಾನೆ.

ಮಿರಗದ ಮಳೆ ಜೂನ್ ಮೊದಲ ವಾರಕ್ಕೆ ಕೂಡುತ್ತದೆ. ಅಷ್ಟರಲ್ಲಿ ಮಾಳಿಗೆ ಮುಚ್ಚಿರಬೇಕು. ಸುಗ್ಗಿ ಮುಗಿದ ಮೇಲೆ ಹುಡುಕಲು ಹೊರಟರೆ ಕೈ ಪಳಗಿದವರು ಬೇರೆ ಮನೆ ಹಿಡಿದಿರುತ್ತಾರೆ. ದೀಪಾವಳಿಯ ಹೊತ್ತಿಗೇ ಮಾತು ಮುಗಿಸಿ ಕಾಗದ ಮಾಡಿಕೊಳ್ಳುವುದು ಒಳ್ಳೆಯದು. ಆ ಕಾಗದದಲ್ಲಿ ಬಿಚ್ಚಿದ ತೊಲೆ, ಬಾಗಿಲು, ಹಲಗೆಗಳು ಯಾರಿಗೆ ಸೇರಬೇಕೆಂಬ ಸಾಲೂ ಇರಲಿ. ಹಳೆಯ ಸಾಗವಾನಿಯ ಬೆಲೆ ಎಷ್ಟೋ ಸಲ ಕೂಲಿಯ ದೊಡ್ಡ ಪಾಲಿಗೆ ಸಮನಾಗುತ್ತದೆ. ಅದರಲ್ಲೇ ಹೊಸ ಕಿಟಕಿಗಳನ್ನು ಮಾಡಿಕೊಡಲು ಬಡಿಗೇರನಿಗೆ ಹೇಳಬಹುದು.