ಹಗುರ ಲ್ಯಾಪ್‌ಟಾಪ್, ಭಾರವಾಗುವ ಕುತ್ತಿಗೆ

ಹಿಂದೆ ಕಚೇರಿ ಕೆಲಸಕ್ಕೆ ಮೇಜಿನ ತುಂಬಾ ಹರಡಿಕೊಂಡ ಕಂಪ್ಯೂಟರ್ ಬೇಕಿತ್ತು. ಈಗ ಒಂದು, ಒಂದೂಕಾಲು ಕಿಲೋ ತೂಕದ ಲ್ಯಾಪ್‌ಟಾಪ್ ಸಾಕು. ಲೆಕ್ಕಪತ್ರ, ಅನುವಾದ, ವಿನ್ಯಾಸ, ಆನ್‌ಲೈನ್ ಪಾಠ ಎಲ್ಲವೂ ಅದರಲ್ಲೇ ನಡೆಯುತ್ತದೆ. ಮನೆಯಲ್ಲೇ ಇದ್ದು ದುಡಿಯುವ ಹೆಣ್ಣುಮಕ್ಕಳಿಗಂತೂ ಅದು ದೊಡ್ಡ ಅನುಕೂಲ. ಆದರೆ ಹಗುರವಾಗಿದೆ ಎಂದು ಹಾಸಿಗೆ, ಸೋಫಾ, ತೊಡೆ ಎನ್ನದೆ ಎಲ್ಲೆಂದರಲ್ಲಿ ಇಟ್ಟುಕೊಂಡು ದಿನಕ್ಕೆ ಎಂಟು ಗಂಟೆ ದುಡಿದರೆ, ಕೆಲವೇ ತಿಂಗಳಲ್ಲಿ ಕುತ್ತಿಗೆ ಹಿಡಿದುಕೊಳ್ಳಬಹುದು, ಭುಜ ಸೆಳೆಯಬಹುದು, ಕಣ್ಣು ಉರಿಯಬಹುದು.

ನೋವಿಗೆ ಕಾರಣವೇನು?

ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿ ಇಟ್ಟರೆ ಪರದೆ ತಗ್ಗಾಗಿ ಕುತ್ತಿಗೆ ಬಾಗುತ್ತದೆ. ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈ ಎತ್ತಿ ಹಿಡಿಯಬೇಕಾಗುತ್ತದೆ. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡರೆ ಹೊರಬಹುದು, ಅದನ್ನೇ ಕೈ ಚಾಚಿ ಹಿಡಿದರೆ ನಿಮಿಷದಲ್ಲಿ ತೋಳು ಸೋಲುತ್ತದೆ. ತಲೆಯನ್ನು ಗಂಟೆಗಟ್ಟಲೆ ಮುಂದಕ್ಕೆ ಚಾಚಿದಾಗ ಕುತ್ತಿಗೆಯ ಸ್ನಾಯುಗಳ ಪಾಡೂ ಅದೇ.

ಪರಿಹಾರ ಸುಲಭ

ಲ್ಯಾಪ್‌ಟಾಪ್ ನಿಮ್ಮ ಮುಖ್ಯ ಕಂಪ್ಯೂಟರ್ ಆಗಿದ್ದರೆ ಪ್ರತ್ಯೇಕ ಕೀಲಿಮಣೆ ಮತ್ತು ಮೌಸ್ ಕೊಳ್ಳಿ. ನಂತರ ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೆ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಅಲುಗಾಡದ ಗಟ್ಟಿ ಪೆಟ್ಟಿಗೆಯಾದರೂ ಆಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರದಲ್ಲಿರಲಿ. ಮೊಣಕೈ ದೇಹಕ್ಕೆ ಹತ್ತಿರವಿರಲಿ, ಪಾದಗಳು ನೆಲಕ್ಕೆ ತಾಗಲಿ, ಬೆನ್ನಿಗೆ ಆಸರೆ ಇರಲಿ. ಮೇಲೊಂದು ಕೆಳಗೊಂದು ಪವರ್ ಇರುವ ಕನ್ನಡಕದವರು ಪರದೆಯನ್ನು ತುಸು ತಗ್ಗಿಸಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಕಣ್ಣಿನ ಆರೈಕೆ

ಪರದೆ ಚಿಕ್ಕದಾದಷ್ಟೂ ನಾವು ಮುಂದಕ್ಕೆ ಬಾಗಿ ನೋಡುತ್ತೇವೆ. ಬಾಗುವ ಬದಲು ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳಿ. ಪರದೆಯನ್ನೇ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಕಿಟಕಿ ನಿಮ್ಮ ಎದುರಿಗೂ ಬೆನ್ನಿಗೂ ಬೇಡ, ಪಕ್ಕದಲ್ಲಿರಲಿ.

ತೊಡೆಯ ಮೇಲೆ ಬೇಡ

ತೆಳುವಾದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ಇರುವುದಿಲ್ಲ. ಶಾಖ ಹೊರಕವಚದ ಮೂಲಕವೇ ಹೊರಬರುತ್ತದೆ. ಫ್ಯಾನ್ ಇದ್ದರೂ ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ದಿನವೂ ತೊಡೆಯ ಮೇಲಿಟ್ಟುಕೊಂಡರೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಮೂಡಬಹುದು. ಪುರುಷರು ಇನ್ನೂ ಎಚ್ಚರವಾಗಿರಬೇಕು. ವೀರ್ಯಾಣು ಉತ್ಪತ್ತಿಗೆ ದೇಹದ ಶಾಖಕ್ಕಿಂತ ಕಡಿಮೆ ಉಷ್ಣತೆ ಬೇಕು. ತೊಡೆ ಜೋಡಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡಾಗ ಒಂದೇ ಗಂಟೆಯಲ್ಲಿ ವೃಷಣ ಚೀಲದ ಉಷ್ಣತೆ 2.5 ಡಿಗ್ರಿಗಿಂತ ಹೆಚ್ಚು ಏರಿದ್ದನ್ನು ಅಮೆರಿಕದ ವೈದ್ಯರು 2005ರಲ್ಲಿ ವರದಿ ಮಾಡಿದ್ದಾರೆ. ಬ್ಯಾಟರಿ ಉಬ್ಬಿ ತಳ ಅಥವಾ ಕೀಲಿಮಣೆ ಮೇಲೆದ್ದಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ರಿಪೇರಿಯವರಿಗೆ ತೋರಿಸಿ.

ಶುಚಿತ್ವ

ಊಟ ಮಾಡುತ್ತಾ ಟೈಪ್ ಮಾಡಿದರೆ ಎಣ್ಣೆ, ತುಣುಕು ಕೀಲಿಗಳ ಸಂದಿಗೆ ಸೇರುತ್ತವೆ, ಕೀಲಿಯ ಕೊಳೆ ಬಾಯಿಗೆ ಹೋಗುತ್ತದೆ. ವಾರಕ್ಕೊಮ್ಮೆ ಯಂತ್ರ ಆಫ್ ಮಾಡಿ, ಚಾರ್ಜರ್ ಕಳಚಿ, 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸುವೇ ಒದ್ದೆ ಮಾಡಿದ ಮೃದು ಬಟ್ಟೆಯಿಂದ ಕೀಲಿಗಳನ್ನು ಒರೆಸಿ. ದ್ರವವನ್ನು ನೇರವಾಗಿ ಸಿಂಪಡಿಸಬೇಡಿ.

ವೈದ್ಯರ ಬಳಿ ಯಾವಾಗ?

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿದರೆ, ಮರಗಟ್ಟಿ ರಾತ್ರಿ ಎಚ್ಚರವಾದರೆ ಅದು ಮಣಿಕಟ್ಟಿನ ನರ ಒತ್ತಿಹೋಗುತ್ತಿರುವ ಸೂಚನೆ ಇರಬಹುದು. ಮುಲಾಮು ಹಚ್ಚಿಕೊಂಡು ದಿನ ದೂಡಬೇಡಿ. ತಡಮಾಡಿದರೆ ಹೆಬ್ಬೆರಳ ಬುಡದ ಸ್ನಾಯು ಸೊರಗಿ ಹಿಡಿತವೇ ಕುಂದಬಹುದು. ಟೈಪ್ ಮಾಡಿಯೇ ಸಂಸಾರ ಸಾಗಿಸುವವರಿಗೆ ಅದು ಅನ್ನಕ್ಕೇ ಬರುವ ಕುತ್ತು.

ಇಂದು ಕೆಲಸಕ್ಕೆ ಕೂತಾಗ ಪಕ್ಕದಿಂದ ನಿಮ್ಮನ್ನು ಗಮನಿಸುವಂತೆ ಮನೆಯವರಿಗೆ ಹೇಳಿ. ಕಿವಿ ಭುಜದ ನೇರಕ್ಕಿದ್ದರೆ ಸರಿ. ಭುಜವನ್ನು ದಾಟಿ ಮುಂದೆ ಬಂದಿದ್ದರೆ ಈ ದಿನವೇ ಪರದೆಯನ್ನು ಎತ್ತರಿಸಿಕೊಳ್ಳಿ.