ತುಪ್ಪ ಅದೇ, ಮಾತು ಬೇರೆ

ಪ್ರಶ್ನೆ: ಹಜೀರಾದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ಪಾಳಿಯ ವಿಷಯದ ಜಗಳ ರಾಜಿಯಾದಾಗ ಗುಜರಾತಿ ಗೆಳೆಯರು ‘ಘೀನಾ ಠಾಮ್‌ಮಾಂ ಘೀ ಪಡೀ ರಹ್ಯುಂ’ ಎಂದರು. ಇದು ನಮ್ಮ ‘ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು’ ತಾನೆ?

ಅಲ್ಲ. ‘ಠಾಮ್’ ಎಂದರೆ ಪಾತ್ರೆ. ತುಪ್ಪ ಚೆಲ್ಲಿ ಹಾಳಾಗದೆ ತುಪ್ಪದ ಪಾತ್ರೆಯಲ್ಲೇ ಉಳಿಯಿತು ಎಂದು ಆ ಮಾತು. ಮನಸ್ತಾಪವೊಂದು ಯಾರಿಗೂ ನಷ್ಟವಾಗದೆ ಬಗೆಹರಿದಾಗ ಆಡುವಂಥದ್ದು. ನಮ್ಮ ರೊಟ್ಟಿ ಜಾರುವುದು ಎಣಿಸದೆ ಬಂದ ಅದೃಷ್ಟಕ್ಕೆ. ಗೆಳೆಯರಿಗೆ ಬಡ್ತಿ ಸಿಕ್ಕಾಗ ಈ ಗುಜರಾತಿ ಮಾತು ಆಡಿದಿರೋ, ‘ಜಗಳ ಯಾರ ಜೊತೆ ಆಗಿತ್ತು?’ ಎಂದು ಕೇಳಿಯಾರು!

ನುಡಿಗಟ್ಟು ಬೂಂದಿ ಲಾಡಿನ ಹಾಗೆ. ಮೊದಲು ಬಿಡಿ ಕಾಳುಗಳಂತೆ ಬಿಡಿ ಪದಗಳಿರುತ್ತವೆ, ಕಣ್ಣಿಗೆ ಕಟ್ಟುವ ಒಂದು ಚಿತ್ರವಿರುತ್ತದೆ. ಒಂದೇ ಬಗೆಯ ಸಂದರ್ಭದಲ್ಲಿ ಮತ್ತೆ ಮತ್ತೆ ಬಳಸಿದಂತೆ ಅವು ಪಾಕದಲ್ಲಿ ಅಂಟಿ ಉಂಡೆಯಾಗುತ್ತವೆ. ಆಮೇಲೆ ಕೇಳುವವರಿಗೆ ತುಪ್ಪವೂ ಕಾಣದು, ಪಾತ್ರೆಯೂ ಕಾಣದು. ‘ಸದ್ಯ, ಸುಖಾಂತ್ಯ’ ಎಂಬುದಷ್ಟೇ ಕಿವಿಗೆ ಬೀಳುತ್ತದೆ. ಹಾಗಾಗಿ ಪದಗಳ ಅರ್ಥಕ್ಕಿಂತ ಮೊದಲು, ಯಾವ ಗಳಿಗೆಯಲ್ಲಿ ಅಂದರು ಎಂಬುದನ್ನು ಬರೆದಿಟ್ಟುಕೊಳ್ಳಿ.

ತುಪ್ಪ ಒಂದೇ ಇದ್ದೂ ಅರ್ಥ ಬೇರೆಯಾದದ್ದರ ಉಲ್ಟಾ ಕೂಡ ಆಗುವುದುಂಟು. ‘ಅಲ್ಲೂ ಬೇಲಿ ಸಾಸೇಜಿನದಲ್ಲ’ ಎಂದು ಹಂಗೇರಿಯವರು ಪರದೇಶದ ಸಿರಿಯ ಬಗ್ಗೆ ಹೇಳುತ್ತಾರೆ. ಒಂದು ಪದವೂ ನಮ್ಮದಲ್ಲ, ಆದರೂ ‘ದೂರದ ಬೆಟ್ಟ ನುಣ್ಣಗೆ’ಗೆ ಹತ್ತಿರದ ನೆಂಟ. ನಿಮ್ಮ ಗುಜರಾತಿ ಮಾತನ್ನು, ಮುನಿದ ಇಬ್ಬರು ಒಟ್ಟಿಗೆ ಚಹಾಕ್ಕೆ ಹೊರಟಾಗ ಆಡಿ ನೋಡಿ.