‘ಯೆಸ್’ ಅಂದದ್ದೇ ತಪ್ಪಾಯಿತು!

ಬಿ.ಕಾಂ. ಮುಗಿಸಿದ ಹುಡುಗಿ. ಆರೂ ಸೆಮಿಸ್ಟರ್‌ಗಳಲ್ಲಿ ಪ್ರಥಮ ದರ್ಜೆ. ಬೆಳಗಿನ ಜಾವದ ಬಸ್ಸು ಹಿಡಿದು ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿದ್ದಳು. ಹೆಸರು, ಊರು, ಓದು ಎಲ್ಲವನ್ನೂ ಕೇಳಿದ ಮೇಲೆ ಅಲ್ಲಿದ್ದವರೊಬ್ಬರು ‘ಯೂ ಡೋಂಟ್ ಹ್ಯಾವ್ ಎನಿ ಬ್ಯಾಕ್‌ಲಾಗ್ಸ್?’ ಎಂದರಂತೆ. ಫೇಲಾಗಿ ಉಳಿಸಿಕೊಂಡ ವಿಷಯ ಯಾವುದೂ ಇಲ್ಲವಲ್ಲ ಎಂದು ಆ ಪ್ರಶ್ನೆಯ ಅರ್ಥ. ಹುಡುಗಿ ಹೆಮ್ಮೆಯಿಂದಲೇ ‘ಯೆಸ್ ಸರ್’ ಎಂದಳು. ‘ಹೌ ಮೆನಿ?’ ಎಂದು ಅವರು ಮರುಪ್ರಶ್ನೆ ಹಾಕಿದರು. ಇವಳಿಗೆ ದಿಕ್ಕು ತಪ್ಪಿತು. ಇಲ್ಲ ಎಂದು ಹೇಳಿದ ಮೇಲೂ ಎಷ್ಟು ಎಂದು ಕೇಳುತ್ತಿದ್ದಾರಲ್ಲ! ‘ನೋ ಸರ್... ಯೆಸ್ ಸರ್...’ ಎಂದು ತಡವರಿಸಿದಳು. ಅಲ್ಲಿಂದ ಮುಂದೆ ಬಾಯಿ ಕಟ್ಟಿಹೋಯಿತು. ಕೆಲಸ ಸಿಗಲಿಲ್ಲ.

ತಾಲ್ಲೂಕು ಕೇಂದ್ರವೊಂದರಲ್ಲಿ ವರ್ಷಾನುಗಟ್ಟಲೆ ಇಂಗ್ಲಿಷ್ ಪಾಠ ಮಾಡಿದವನು ನಾನು. ಮಾರನೆಯ ದಿನ ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ತಾಯಿ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದವರು. ‘ಇವಳಪ್ಪ ನಿನ್ನೆಯಿಂದ ಮಾತು ಬಿಟ್ಟಿದ್ದಾರೆ ಸಾರ್. ಇಷ್ಟು ವರ್ಷ ಓದಿ ಯೆಸ್ಸು ನೋ ಕೂಡ ಗೊತ್ತಿಲ್ವಾ ಅಂತ ಅವರ ಸಿಟ್ಟು. ನಿಜವಾಗ್ಲೂ ಇವಳಿಗೆ ಇಂಗ್ಲಿಷ್ ಬರಲ್ವಾ?’ ಎಂದು ಕೇಳಿದರು.

ಬರುತ್ತದೆ. ಅವಳು ಹೇಳಿದ್ದು ಕನ್ನಡದಲ್ಲಾಗಿದ್ದರೆ ನೂರಕ್ಕೆ ನೂರು ಸರಿ. ‘ಊಟ ಮಾಡಿಲ್ವಾ?’ ಎಂದು ಯಾರಾದರೂ ಕೇಳಿದರೆ ನಾವು ‘ಹೌದು, ಮಾಡಿಲ್ಲ’ ಎನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಮಾತನ್ನು ಒಪ್ಪುತ್ತದೆ: ನೀವು ಅಂದುಕೊಂಡದ್ದು ಸರಿ ಎಂದು. ಇಂಗ್ಲಿಷಿನ ‘ಯೆಸ್’ಗೆ ಕೇಳಿದವರ ಗೊಡವೆಯೇ ಇಲ್ಲ. ಅದು ನಡೆದ ಸಂಗತಿಯನ್ನಷ್ಟೇ ನೋಡುತ್ತದೆ. ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ಪ್ರಶ್ನೆಯನ್ನು ನೆಟ್ಟಗೆ ಕೇಳಲಿ, ತಿರುಗಿಸಿ ಕೇಳಲಿ, ಉತ್ತರ ಬದಲಾಗುವುದಿಲ್ಲ. ಹುಡುಗಿ ‘ನೋ ಸರ್, ಐ ಡೋಂಟ್’ ಎನ್ನಬೇಕಾಗಿತ್ತು. ವ್ಯಾಕರಣದ ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚೆಂದರೆ ಎರಡು ಸಾಲು ಸಿಕ್ಕೀತು. ದಿನನಿತ್ಯದ ಮಾತಿನಲ್ಲಿ ಮಾತ್ರ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ನಮ್ಮ ಮಕ್ಕಳ ಇಂಗ್ಲಿಷಿನ ತಪ್ಪುಗಳಲ್ಲಿ ಬಹುಪಾಲು ಇಂಥವೇ. ಅಜ್ಞಾನದಿಂದ ಹುಟ್ಟಿದವಲ್ಲ, ಒಳ್ಳೆಯ ಕನ್ನಡದಿಂದ ಹುಟ್ಟಿದವು. ಹೀಗೆ ನೋಡಿದರೆ ತಪ್ಪುಗಳಿಗೆ ಒಂದು ಲೆಕ್ಕ ಸಿಗುತ್ತದೆ, ಹಿಡಿದು ತಿದ್ದಲು ಬರುತ್ತದೆ. ‘ನಿನಗೆ ಗ್ರಾಮರ್ ಬರಲ್ಲ’ ಎಂದು ಒಟ್ಟಾರೆ ಬೈದರೆ ಮಗು ಎಲ್ಲಿಂದ ಶುರು ಮಾಡಬೇಕು?

‘ಹಾಕು’ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ಬಾಗಿಲು ಹಾಕು, ಫ್ಯಾನ್ ಹಾಕು, ಅಂಗಿ ಹಾಕಿಕೋ, ಸಾರಿಗೆ ಉಪ್ಪು ಹಾಕು, ಗಿಡಕ್ಕೆ ನೀರು ಹಾಕು, ಕೆಲಸಕ್ಕೆ ಅರ್ಜಿ ಹಾಕು, ಓಟು ಹಾಕು. ಬೆಳಗಿನಿಂದ ರಾತ್ರಿಯವರೆಗೆ ಈ ಒಂದು ಪದ ನಮ್ಮ ಸಂಸಾರವನ್ನು ತೂಗಿಸುತ್ತದೆ. ಅದಕ್ಕೆ ‘ಪುಟ್’ ಎಂಬ ಒಂದೇ ಅರ್ಥವನ್ನು ಶಾಲೆಯಲ್ಲಿ ಕಲಿತ ಹುಡುಗ ಸಹಜವಾಗಿಯೇ ‘ಪುಟ್ ದಿ ಡೋರ್’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಬಾಗಿಲಿಗೆ ‘ಷಟ್’, ಫ್ಯಾನಿಗೆ ‘ಸ್ವಿಚ್ ಆನ್’, ಅಂಗಿಗೆ ‘ಪುಟ್ ಆನ್’, ಉಪ್ಪಿಗೆ ‘ಆಡ್’, ಗಿಡಕ್ಕೆ ‘ವಾಟರ್’, ಕೆಲಸಕ್ಕೆ ‘ಅಪ್ಲೈ’. ಓಟು ಹಾಕುವುದಕ್ಕಂತೂ ಬರೀ ‘ವೋಟ್’ ಸಾಕು. ‘ಕೇಳು’ ಎಂಬುದೂ ಹೀಗೆಯೇ. ಬೆಲೆ ಕೇಳಿದರೆ ‘ಆಸ್ಕ್’, ಹಾಡು ಕೇಳಿದರೆ ‘ಲಿಸನ್’, ದೂರದ ಗುಡುಗು ಕಿವಿಗೆ ಬಿದ್ದರೆ ‘ಹಿಯರ್’. ಇನ್ನು ‘ನೋಡು’ ನಿಮಗೇ ಬಿಟ್ಟೆ, ಟಿ.ವಿ. ನೋಡುವುದು, ಫೋಟೊ ನೋಡುವುದು, ಬೀದಿಯಲ್ಲಿ ಗೆಳೆಯನನ್ನು ನೋಡುವುದು ಮೂರಕ್ಕೂ ಮೂರು ಮಾತು ಹುಡುಕಿ.

ಕೆಲವು ಕಡೆ ತೊಡಕು ಪದದಲ್ಲಿರುವುದಿಲ್ಲ, ಪ್ರತ್ಯಯದಲ್ಲಿರುತ್ತದೆ. ‘ಅವನಿಗೆ ಹೇಳಿದೆ’ ಎಂಬಲ್ಲಿಯ ‘ಗೆ’ ಇಂಗ್ಲಿಷಿಗೆ ಹೋಗುವಾಗ ‘ಟು’ ಆಗಿ ‘ಐ ಟೋಲ್ಡ್ ಟು ಹಿಮ್’ ಎಂದಾಗುತ್ತದೆ. ‘ಟೋಲ್ಡ್’ ಬಂದರೆ ‘ಟು’ ಬೇಡ, ‘ಸೆಡ್’ ಬಂದರೆ ಬೇಕು. ‘ಎರಡು ವರ್ಷದಿಂದ’ ಎಂಬಲ್ಲಿಯ ‘ಇಂದ’ ನಮ್ಮನ್ನು ‘ಸಿನ್ಸ್ ಟೂ ಇಯರ್ಸ್’ ಎನ್ನುವಂತೆ ಮಾಡುತ್ತದೆ. ಅವಧಿ ಹೇಳುವಾಗ ‘ಫಾರ್ ಟೂ ಇಯರ್ಸ್’, ಶುರುವಾದ ಹೊತ್ತು ಹೇಳುವಾಗ ‘ಸಿನ್ಸ್ 2023’. ಕನ್ನಡದ ಒಂದೇ ‘ಇಂದ’ ಎರಡೂ ಕೆಲಸ ಮಾಡುತ್ತದೆ.

ಕಾಲದ ವಿಷಯದಲ್ಲಿ ನಾವು ಇನ್ನೂ ಉದಾರಿಗಳು. ‘ದಿನಾ ಆರು ಗಂಟೆಗೆ ಏಳ್ತೀನಿ’, ‘ನಾಳೆ ಆರು ಗಂಟೆಗೆ ಏಳ್ತೀನಿ’. ಆಡುಮಾತಿನಲ್ಲಿ ಎರಡಕ್ಕೂ ಒಂದೇ ರೂಪ. ಹಾಗಾಗಿ ದಿನಚರಿ ಹೇಳು ಎಂದರೆ ನಮ್ಮ ಮಕ್ಕಳು ‘ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್, ಐ ವಿಲ್ ಟೇಕ್ ಬಾತ್’ ಎಂದು ‘ವಿಲ್’ಗಳ ಸರಮಾಲೆಯನ್ನೇ ಪೋಣಿಸುತ್ತಾರೆ. ಕೇಳುವವರಿಗೆ ಇವನು ಇನ್ನು ಮುಂದೆ ಸ್ನಾನ ಮಾಡಲು ತೀರ್ಮಾನಿಸಿದ್ದಾನೆಂದು ತೋರಿದರೆ ಆಶ್ಚರ್ಯವಿಲ್ಲ! ದಿನದ ಅಭ್ಯಾಸಕ್ಕೆ ಬರೀ ‘ಐ ಗೆಟ್ ಅಪ್’ ಸಾಕು. ಇನ್ನು ಮನೆ ಬಿಡುವಾಗ ಹೇಳುವ ‘ಹೋಗಿ ಬರ್ತೀನಿ’. ಹೋಗುತ್ತೇನೆ ಎಂದಷ್ಟೇ ಹೇಳುವುದು ನಮ್ಮಲ್ಲಿ ಅಶುಭ. ಅದನ್ನು ‘ಐ ವಿಲ್ ಗೋ ಅಂಡ್ ಕಮ್’ ಎಂದರೆ ಹೊರಗಿನವರಿಗೆ ಒಗಟು. ‘ಬೈ, ಸೀ ಯೂ’ ಎಂದರೆ ಮುಗಿಯಿತು. ಬರುತ್ತೇನೆಂಬ ಭರವಸೆ ಅದರೊಳಗೂ ಉಂಟು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ಮರ್ಯಾದೆಯ ಪ್ರಶ್ನೆ. ಕನ್ನಡದಲ್ಲಿ ‘ನೀರು ಕೊಡು’ ಎನ್ನುವುದಕ್ಕೂ ‘ನೀರು ಕೊಡಿ’ ಎನ್ನುವುದಕ್ಕೂ ಅಜಗಜಾಂತರ. ಆ ಒಂದು ‘ಇ’ಕಾರ ಎಲ್ಲ ಗೌರವವನ್ನೂ ಹೊತ್ತು ನಿಂತಿರುತ್ತದೆ. ಇಂಗ್ಲಿಷಿಗೆ ಹೋದ ಕೂಡಲೆ ನೀನು, ನೀವು ಎರಡೂ ‘ಯೂ’ ಆಗಿ, ‘ಇ’ಕಾರ ದಾರಿಯಲ್ಲೇ ಬಿದ್ದುಹೋಗುತ್ತದೆ. ಹಿರಿಯರೆದುರು ತಲೆ ಎತ್ತದ ವಿನಯವಂತ ಹುಡುಗ ‘ಗಿವ್ ಮಿ ಒನ್ ಫಾರ್ಮ್’ ಎಂದು ಬ್ಯಾಂಕಿನಲ್ಲಿ ಕೇಳಿದಾಗ ಅವನು ಒರಟನಂತೆ ಕಾಣುತ್ತಾನೆ. ಪಾಪ, ಮನಸ್ಸಿನಲ್ಲಿ ಅವನು ‘ಕೊಡಿ’ ಎಂದೇ ಹೇಳಿದ್ದ. ಇಂಗ್ಲಿಷ್ ತನ್ನ ಬಹುವಚನವನ್ನು ವಾಕ್ಯದ ಮೊದಲಿಗೇ ಇಟ್ಟುಕೊಂಡಿದೆ: ‘ಕುಡ್ ಯೂ’, ‘ಮೇ ಐ’, ‘ಕುಡ್ ಐ ಹ್ಯಾವ್’. ‘ಕುಡ್ ಐ ಹ್ಯಾವ್ ಎ ಫಾರ್ಮ್, ಪ್ಲೀಸ್?’ ಎಂದರೆ ಕಳೆದುಹೋದ ‘ಇ’ಕಾರ ಮರಳಿ ಸಿಕ್ಕಂತೆ. ಇದನ್ನು ಮೊದಲ ವಾರವೇ ಕಲಿಸಬೇಕೆಂದು ನನ್ನ ಅಭಿಪ್ರಾಯ. ‘ಎ’ ಮತ್ತು ‘ದಿ’ಗಳ ಗೋಜು ಆಮೇಲಾದರೂ ಆದೀತು. ಅವು ತಪ್ಪಿದರೆ ಯಾರೂ ನಮ್ಮನ್ನು ಒರಟರೆನ್ನುವುದಿಲ್ಲ.

ಹಾಗೆಂದು ನಮ್ಮ ಇಂಗ್ಲಿಷಿನಲ್ಲಿರುವುದೆಲ್ಲ ತಪ್ಪು ಎಂದು ಕೀಳರಿಮೆ ಪಡಬೇಕಾಗಿಲ್ಲ. ‘ಪೋಸ್ಟ್‌ಪೋನ್’ಗೆ ಜೊತೆಯಾಗಿ ಭಾರತೀಯರು ಧಾರಾಳವಾಗಿ ಬಳಸಿದ ‘ಪ್ರಿಪೋನ್’ ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ‘ಯುವರ್ ಗುಡ್ ನೇಮ್?’ ಎಂದು ಯಾರಾದರೂ ಕೇಳಿದರೆ ನಗುವವರು ನಗಲಿ. ಅದರಲ್ಲಿರುವುದು ನಮ್ಮ ‘ತಮ್ಮ ಹೆಸರು?’ ಎಂಬ ಸೌಜನ್ಯವೇ. ಅರ್ಥ ಕೆಡದಿದ್ದರೆ ಬಿಟ್ಟುಬಿಡಿ, ಅರ್ಥ ಕೆಡುವಲ್ಲಿ ತಿದ್ದಿ.

ಪ್ರಶ್ನೆ ಇರುವುದು ತಿದ್ದುವ ಬಗೆಯಲ್ಲಿ. 2007-08ರಿಂದ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಹತ್ತು ವರ್ಷದ ಓದು. ಅಷ್ಟರಲ್ಲಿ ಮಗು ತನ್ನದೇ ಮಾತಿನಲ್ಲಿ ಎಷ್ಟು ವಾಕ್ಯ ಆಡಿರುತ್ತದೆ? ಪದ್ಯ ಒಪ್ಪಿಸಿದ್ದು, ಉತ್ತರ ಉರುಹೊಡೆದದ್ದು ಲೆಕ್ಕಕ್ಕಿಲ್ಲ. ನಾನೂ ಅದೇ ತರಗತಿಯಲ್ಲಿ ನಿಂತು ಪಾಠ ಮಾಡಿದವನಾದ್ದರಿಂದ ಈ ಮಾತು ನನಗೂ ತಗಲುತ್ತದೆ. 1990ರ ದಶಕದಲ್ಲಿ ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ರ‍್ಯಾಪಿಡೆಕ್ಸ್ ಪುಸ್ತಕ ಕೊಂಡವರು ಬಹಳ ಮಂದಿ. ಕಪಿಲ್ ದೇವ್ ಅದರ ಜಾಹೀರಾತಿನಲ್ಲಿದ್ದರು. ಪುಸ್ತಕ ಕೆಟ್ಟದ್ದೇನಲ್ಲ. ಆದರೆ ಅದರೊಡನೆ ಮಾತಾಡುವವರು ಮನೆಯಲ್ಲಿ ಯಾರೂ ಇರಲಿಲ್ಲ.

‘ನನಗೇ ಇಂಗ್ಲಿಷ್ ಬರಲ್ಲ, ನಾನೇನು ಹೇಳಿಕೊಡಲಿ ಸಾರ್?’ ಎಂದು ಆ ತಾಯಿಯೂ ಕೇಳಿದರು. ಹೇಳಿಕೊಡುವುದು ಬೇಡ, ಕೇಳಿದರೆ ಸಾಕು ಎಂದೆ. ರಾತ್ರಿ ಊಟಕ್ಕೆ ಮೊದಲು ಹದಿನೈದು ನಿಮಿಷ. ಅಮ್ಮ ಕನ್ನಡದಲ್ಲೇ ಮಾತಾಡಲಿ: ಇವತ್ತು ಯಾಕೆ ತಡ, ಕರೆಂಟ್ ಬಿಲ್ ಎಷ್ಟು ಬಂತು, ಎದುರು ಮನೆಯವರು ಏನಂದರು. ಮಗಳು ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡಲಿ, ಆಮೇಲೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಅಮ್ಮ ಗಮನಿಸಬೇಕಾದ್ದು ಒಂದೇ: ಎಲ್ಲಿ ತಡವರಿಸಿದಳು? ತಡವರಿಸಿದ ಕಡೆ ಒಂದು ಗುರುತು. ಪದ ಗೊತ್ತಿಲ್ಲದಿದ್ದರೆ ಸುತ್ತಿ ಬಳಸಿ ಹೇಳಲಿ, ಕನ್ನಡ ಪದವನ್ನೇ ಸೇರಿಸಲಿ, ಮಾತು ಮಾತ್ರ ನಿಲ್ಲಬಾರದು. ಮೊಬೈಲಿನಲ್ಲಿ ಆ ಹದಿನೈದು ನಿಮಿಷವನ್ನು ಮುದ್ರಿಸಿಕೊಂಡು ಮಾರನೆಯ ದಿನ ಕೇಳಿದರೆ ಅರ್ಧ ತಪ್ಪು ಅವಳಿಗೇ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ತಿದ್ದಹೋಗಬಾರದು. ಒಂದು ವಾರ ‘ವಿಲ್’, ಇನ್ನೊಂದು ವಾರ ‘ಹಾಕು’, ಮತ್ತೊಂದು ವಾರ ಯೆಸ್-ನೋ.

ಇಂಗ್ಲಿಷ್ ಬಲ್ಲ ತಂದೆತಾಯಂದಿರ ಮನೆಯಲ್ಲಿ ಇನ್ನೊಂದು ಬಗೆಯ ಕಷ್ಟ. ಮಗು ‘ಐ ಡಿಡಂಟ್ ವೆಂಟ್’ ಎನ್ನುವಷ್ಟರಲ್ಲಿ ‘ವೆಂಟ್ ಅಲ್ಲ, ಗೋ!’ ಎಂದು ಮೇಲೆ ಬೀಳುತ್ತಾರೆ. ಹೇಳಹೊರಟ ಸಂಗತಿ ಅಲ್ಲೇ ಸಾಯುತ್ತದೆ. ಅದರ ಬದಲು ‘ಓಹೋ, ಯೂ ಡಿಡಂಟ್ ಗೋ? ವೈ?’ ಎಂದು ಕೇಳಿ ನೋಡಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ನೆಂಟರ ಎದುರು ‘ಎಲ್ಲಿ, ಅಂಕಲ್ ಹತ್ರ ಇಂಗ್ಲಿಷ್‌ನಲ್ಲಿ ಮಾತಾಡು’ ಎಂದು ಮಗುವನ್ನು ನಿಲ್ಲಿಸುವ ಪದ್ಧತಿಯನ್ನಂತೂ ದಯವಿಟ್ಟು ಕೈಬಿಡಿ.

ನಿಘಂಟಿನ ವಿಚಾರಕ್ಕೆ ಒಂದು ಮಾತು. ಎ.ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟರು ಜಪಾನಿನಲ್ಲಿ ಪಾಠ ಮಾಡುತ್ತಿದ್ದಾಗ, ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳಿಗೆ ಬೇರೆಯದೇ ನಿಘಂಟು ಬೇಕೆಂದು ಮನಗಂಡು, ಸಂಗಡಿಗರೊಂದಿಗೆ ಅದನ್ನು ಸಿದ್ಧಪಡಿಸಿದರು. 1942ರಲ್ಲಿ ಜಪಾನಿನಲ್ಲಿ ಅಚ್ಚಾದ ಆ ಪುಸ್ತಕವನ್ನು 1948ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ ಪ್ರಕಟಿಸಿತು. ಇಂದಿನ ‘ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಅದರದೇ ಮುಂದುವರಿಕೆ. ಕ್ರಿಯಾಪದದ ಮುಂದೆ ‘ಟು’ ಬೇಕೋ ಬೇಡವೋ ಎಂಬುದನ್ನು ಅದು ಉದಾಹರಣೆ ಸಹಿತ ತೋರಿಸುತ್ತದೆ. ಫೋನಿನಲ್ಲೂ ನೋಡಬಹುದು. ಪದಕ್ಕೆ ಅರ್ಥ ಹುಡುಕುವಾಗ ಕೆಳಗಿರುವ ಒಂದು ಉದಾಹರಣೆ ವಾಕ್ಯವನ್ನು ಗಟ್ಟಿಯಾಗಿ ಓದಿ, ಅದರಲ್ಲಿ ನಿಮ್ಮ ಊರು, ನಿಮ್ಮ ಮನೆಯವರನ್ನು ಸೇರಿಸಿ ಮತ್ತೆ ಹೇಳಿದರೆ ಆ ವಾಕ್ಯ ನಿಮ್ಮದಾಗುತ್ತದೆ.

ಆ ತಾಯಿ ಮಗಳು ಮೂರು ತಿಂಗಳು ಬಿಡದೆ ಇದನ್ನು ನಡೆಸಿದರು. ಹೊಲಿಗೆ ಯಂತ್ರದ ಸದ್ದಿನ ನಡುವೆಯೇ ಪ್ರಶ್ನೋತ್ತರ. ಕಳೆದ ವಾರ ಹುಡುಗಿ ಫೋನ್ ಮಾಡಿದ್ದಳು, ಇನ್ನೊಂದು ಕಡೆ ಸಂದರ್ಶನ ಮುಗಿಸಿ ಬಂದಿದ್ದಳಂತೆ. ‘ಫಲಿತಾಂಶ ಇನ್ನೂ ತಿಳಿಸಿಲ್ಲ ಸಾರ್. ಆದ್ರೆ ಶನಿವಾರ ಕೆಲಸಕ್ಕೆ ಬರೋಕೆ ತೊಂದರೆ ಇಲ್ವಲ್ಲ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ರು. ಒಂದು ಕ್ಷಣ ಯೋಚಿಸಿ, ನೋ ಸರ್, ನೋ ಪ್ರಾಬ್ಲಮ್ ಅಂದೆ.’

‘ಭೇಷ್!’ ಎಂದೆ.

‘ಭೇಷ್ ಏನು ಬಂತು ಸಾರ್? ಮನೇಲಿ ಅಪ್ಪ ಮತ್ತೆ ಮಾತು ಬಿಟ್ಟಿದ್ದಾರೆ. ಕೆಲಸ ಕೊಡೋರು ಕೇಳಿದ್ರೆ ನೋ ಅಂದು ಬಂದಿದೀಯಲ್ಲ ಅಂತ. ನೀವೇ ಒಂದ್ಸಲ ಬಂದು ಅವರಿಗೆ ಹೇಳಬೇಕು.’